ಎತ್ತು ಏರಿಗೆ, ಕೋಣ ನೀರಿಗೆ: ಇದು ಬೆವರು ಗ್ರಂಥಿಯ ಲೆಕ್ಕವೇ?

ಬದುವಿನಹುಲ್ಲು (ಪ್ರಶ್ನೆ):

ಒಂದೇ ಕೊಟ್ಟಿಗೆಯಲ್ಲಿ ಎರಡು ಮುರ್ರಾ ಎಮ್ಮೆ, ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು, ಒಂದು ಜೊತೆ ಹಳ್ಳಿಕಾರ್ ಎತ್ತು. ಮೇವು, ನೀರು, ಸಿಮೆಂಟ್ ಶೀಟಿನ ಮಾಡು ಎಲ್ಲಕ್ಕೂ ಒಂದೇ. ಆದರೂ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ದಾಟಿತೆಂದರೆ ಮೊದಲು ಏದುಸಿರು ಬಿಡುವುದು ಎಮ್ಮೆಗಳು. ಸ್ವಲ್ಪ ಹೊತ್ತಿಗೆ ಎಚ್‌ಎಫ್‌ಗಳು ಬಾಯಿ ತೆರೆದು ಜೊಲ್ಲು ಸುರಿಸುತ್ತವೆ. ಎತ್ತುಗಳು ಮಾತ್ರ ತಮಗೂ ಬಿಸಿಲಿಗೂ ಸಂಬಂಧವಿಲ್ಲ ಎಂಬಂತೆ ಮೆಲುಕು ಹಾಕುತ್ತಿರುತ್ತವೆ.

ಕೇಳಬೇಕಾದದ್ದು ಇಷ್ಟು. ಎಮ್ಮೆಗೆ ಬೆವರು ಗ್ರಂಥಿಯೇ ಇಲ್ಲ ಅನ್ನುತ್ತಾರೆ, ನಿಜವೇ? ಅಥವಾ ಎಲ್ಲ ಕಪ್ಪು ಬಣ್ಣದ ಮಹಿಮೆಯೇ? ಮಂಜಿನಂಥ ಸಣ್ಣ ಹನಿ ಚಿಮ್ಮುವ ಫಾಗರ್ ಹಾಕಿದ ಮೇಲೆ ಕೊಟ್ಟಿಗೆಯೊಳಗೆ ಧಗೆ ಹೆಚ್ಚಾಯಿತೇ ಹೊರತು ಏದುಸಿರು ನಿಲ್ಲಲಿಲ್ಲ. ಪೈಪ್ ಹಿಡಿದು ನೀರು ಹುಯ್ದರೆ ಮಾತ್ರ ಐದು ನಿಮಿಷದಲ್ಲಿ ತಣ್ಣಗಾಗುತ್ತವೆ. ಎರಡರಲ್ಲೂ ನೀರೇ ಅಲ್ಲವೇ? ಕೊನೆಯದು, ಈ ಗ್ರಂಥಿಗಳು ಒಂದೊಂದು ಪ್ರಾಣಿಯಲ್ಲಿ ಒಂದೊಂದು ಥರ ಆಗಿದ್ದು ಹೇಗೆ?

---

ಚರ್ಮದಚೂರು:

ಎಮ್ಮೆಗೆ ಬೆವರು ಗ್ರಂಥಿ ಇದೆ. ಕಡಿಮೆ ಇದೆ, ಅಷ್ಟೇ. ಸಾಮಾನ್ಯವಾಗಿ ಕೊಡುವ ಲೆಕ್ಕದ ಪ್ರಕಾರ ಒಂದು ಚದರ ಸೆಂಟಿಮೀಟರ್ ಚರ್ಮದಲ್ಲಿ ಹಸುವಿಗೆ ಇರುವುದರ ಆರನೇ ಒಂದು ಪಾಲು.

ಯಾಕೆ ಕಡಿಮೆ ಎನ್ನುವುದಕ್ಕೆ ಉತ್ತರ ಕೂದಲಿನಲ್ಲಿದೆ. ದನ, ಎಮ್ಮೆ, ಕುರಿ, ಕುದುರೆಗಳ ಮೈಚರ್ಮದಲ್ಲಿ ಬೆವರು ಗ್ರಂಥಿ ಒಂಟಿಯಾಗಿ ಇರುವುದಿಲ್ಲ. ಒಂದು ಕೂದಲ ಬುಡ ಅಂದರೆ ಅದೊಂದು ಪುಟ್ಟ ಸಂಸಾರ. ನಡುವೆ ಕೂದಲು, ಪಕ್ಕದಲ್ಲಿ ಎಣ್ಣೆ ಬಿಡುವ ಮೇದೋಗ್ರಂಥಿ, ಕೂದಲನ್ನು ನಿಮಿರಿಸುವ ಒಂದು ಎಳೆ ಸ್ನಾಯು, ಕೆಳಗೆ ಒಂದು ಬೆವರು ಗ್ರಂಥಿ. ದನದಲ್ಲಿ ಈ ಲೆಕ್ಕ ತಪ್ಪುವುದಿಲ್ಲ, ಕೂದಲಿಗೊಂದು ಗ್ರಂಥಿ. ಅದರ ನಾಳ ಚರ್ಮದ ಮೇಲೆ ನೇರವಾಗಿ ತೆರೆಯದೆ ಕೂದಲ ಕೊಳವೆಯ ಬಾಯಿಯ ಹತ್ತಿರ ತೆರೆಯುತ್ತದೆ. ಹಾಗಾಗಿ ಬೆವರೂ ಎಣ್ಣೆಯೂ ಬೆರೆತೇ ಹೊರಬರುತ್ತವೆ. ದನದ ಮೈ ಸವರಿದಾಗ ಕೈಗೆ ಹತ್ತುವ ಜಿಡ್ಡು ಇದೇ.

ಇನ್ನು ಎಮ್ಮೆಯ ಕರು ನೋಡಿ. ಹುಟ್ಟುವಾಗ ಮೈತುಂಬ ಕೂದಲು. ಬೆಳೆದಂತೆ ವಿರಳ. ಕೂದಲ ಬುಡಗಳ ಸಂಖ್ಯೆ ಹುಟ್ಟುವ ಹೊತ್ತಿಗೇ ನಿಗದಿಯಾಗಿರುತ್ತದೆ, ಆಮೇಲೆ ಚರ್ಮ ಮಾತ್ರ ಹಿಗ್ಗುತ್ತದೆ. ಬಲೂನಿನ ಮೇಲೆ ಚುಕ್ಕಿ ಇಟ್ಟು ಊದಿದರೆ ಚುಕ್ಕಿಗಳು ದೂರ ಸರಿಯುತ್ತವಲ್ಲ, ಅದೇ ಕತೆ. ಕೂದಲು ವಿರಳವಾದರೆ ಅದರ ಜೊತೆಗಾರ ಬೆವರು ಗ್ರಂಥಿಯೂ ವಿರಳ.

ಹಳ್ಳಿಕಾರ್‌ನಂಥ ಡುಬ್ಬವಿರುವ ತಳಿಗಳಲ್ಲಿ ಗ್ರಂಥಿಗಳು ಹೆಚ್ಚು ಒತ್ತಾಗಿರುವುದಲ್ಲದೆ ಒಂದೊಂದೂ ದೊಡ್ಡದು, ಚೀಲದ ಆಕಾರದ್ದು, ಚರ್ಮದ ಮೇಲ್ಪದರಕ್ಕೆ ಹತ್ತಿರ. ಯುರೋಪಿನ ತಳಿಗಳಲ್ಲಿ ಸಣ್ಣದು, ಕೊಳವೆಯಂಥದ್ದು, ಆಳದಲ್ಲಿ. ಮಿಶ್ರತಳಿ ಈ ಎರಡರ ನಡುವೆ ಎಲ್ಲೋ ಇರುತ್ತದೆ, ಎಚ್‌ಎಫ್ ರಕ್ತ ಎಷ್ಟು ಎನ್ನುವುದರ ಮೇಲೆ. ಆದರೆ ಎತ್ತು ಆರಾಮಾಗಿ ನಿಂತಿರುವುದಕ್ಕೆ ಬೆವರೊಂದೇ ಕಾರಣ ಅಂದುಕೊಳ್ಳಬೇಡಿ. ಅದು ಹಾಲು ಕೊಡುವುದಿಲ್ಲ, ಆ ತಳಿಯ ಮೈಯೊಳಗೆ ಹುಟ್ಟುವ ಶಾಖವೇ ಕಡಿಮೆ. ಮೇಲಿನ ಬೂದುಬಿಳಿ ಕೂದಲು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕೆಳಗಿನ ಕಪ್ಪು ಚರ್ಮ ನೇರಳಾತೀತ ಕಿರಣ ತಡೆಯುತ್ತದೆ. ಅದಕ್ಕಿಂತ ಒಳ್ಳೆಯ ಜೋಡಣೆ ಬಯಲುಸೀಮೆಗೆ ಸಿಗುವುದಿಲ್ಲ.

ಬಣ್ಣದ ಮಾತು: ಕಪ್ಪು ಲೆಕ್ಕಕ್ಕೆ ಬರುವುದು ಬಿಸಿಲಿನಲ್ಲಿ ನಿಂತಾಗ. ನೆರಳಿನಲ್ಲಿ ಎಮ್ಮೆಗೆ ಬೋಳು ಚರ್ಮ ಅನುಕೂಲವೇ, ಹಸುವಿಗಿಂತ ಬೇಗ ತಣ್ಣಗಾಗುತ್ತದೆ. ಬೆವರಿನಲ್ಲಿ ಬಡವಾದ ಎಮ್ಮೆ ಎಣ್ಣೆಯಲ್ಲಿ ಶ್ರೀಮಂತ ಅನ್ನುವುದೂ ಗೊತ್ತಿರಲಿ. ಅದರ ಮೇದೋಗ್ರಂಥಿಗಳು ದನದ್ದಕ್ಕಿಂತ ದೊಡ್ಡವು. ಆ ಎಣ್ಣೆ ಬಿಸಿಗೆ ಕರಗಿ ಮೈಯೆಲ್ಲ ಹರಡಿ ಹೊಳೆಯುತ್ತದೆ, ಗಂಟೆಗಟ್ಟಲೆ ನೀರಲ್ಲಿ ಬಿದ್ದಿದ್ದರೂ ಚರ್ಮ ನೆನೆದು ಕೊಳೆಯದಂತೆ ಕಾಯುತ್ತದೆ. ಅಂದರೆ ನೀರಿಗೆ ಹೋಗುತ್ತೇನೆ ಎಂದೇ ಸಿದ್ಧವಾದ ಚರ್ಮ ಅದು. ಗಾದೆ ಕಟ್ಟಿದವರು ಕೋಣವನ್ನು ಮೊಂಡ ಅಂದುಕೊಂಡರು, ಪಾಪ ಅದು ತನ್ನ ಚರ್ಮ ಹೇಳಿದ್ದನ್ನು ಕೇಳುತ್ತಿತ್ತು.

---

ಹೈನುಲೆಕ್ಕ:

ಫಾಗರ್ ಪ್ರಶ್ನೆಗೆ ಬರುತ್ತೇನೆ. ಮೊದಲು ಒಂದು ಲೆಕ್ಕ. ದಿನಕ್ಕೆ 20 ಲೀಟರ್ ಹಾಲು ಕೊಡುವ, 450 ಕಿಲೋ ತೂಕದ ಹಸು ಸುಮಾರು 1000 ವ್ಯಾಟ್ ಶಾಖ ಬಿಡುತ್ತದೆ. ಒಂದು ನೀರು ಕಾಯಿಸುವ ಕಾಯಿಲ್ ಹಗಲೂ ರಾತ್ರಿ ಉರಿದ ಹಾಗೆ. ಗಾಳಿ ಮೈಯಷ್ಟೇ ಬಿಸಿಯಾದಾಗ ಆ ಶಾಖ ಹೊರಹೋಗಲು ಉಳಿಯುವ ದಾರಿ ಒಂದೇ, ನೀರು ಆವಿಯಾಗುವುದು. ಒಂದು ಲೀಟರ್ ನೀರು ಚರ್ಮದ ಮೇಲೆ ಆವಿಯಾದರೆ ಸುಮಾರು 2400 ಕಿಲೋಜೌಲ್ ಒಯ್ಯುತ್ತದೆ. 1000 ವ್ಯಾಟ್ ಅಂದರೆ ಗಂಟೆಗೆ 3600 ಕಿಲೋಜೌಲ್. ಗಂಟೆಗೆ ಒಂದೂವರೆ ಲೀಟರ್ ಆವಿಯಾಗಲೇಬೇಕು. ಬೆವರಿನಿಂದ ಅಷ್ಟು ಬಾರದಿದ್ದರೆ ಉಸಿರಿನಿಂದ ಬರಬೇಕು. ಅದಕ್ಕೇ ಏದುಸಿರು. ಅದೂ ಸಾಲದಿದ್ದರೆ ನಾವು ಹೊರಗಿನಿಂದ ನೀರು ಕೊಡಬೇಕು.

ಇಲ್ಲಿ ಮುಖ್ಯವಾದ ಮಾತು: ನೀರು ಆವಿಯಾಗಬೇಕಾದದ್ದು ಚರ್ಮದ ಶಾಖ ತಿಂದು. ಫಾಗರ್‌ನ ಹೊಗೆಯಂಥ ಹನಿ ಚರ್ಮಕ್ಕೆ ಇಳಿಯುವುದೇ ಇಲ್ಲ. ಗಾಳಿಯಲ್ಲೇ ಆವಿಯಾಗಿ ಗಾಳಿಯ ಶಾಖ ತಿನ್ನುತ್ತದೆ. ಉಳಿದದ್ದು ಕೂದಲ ತುದಿಯಲ್ಲಿ ಮುತ್ತಿನ ಹಾಗೆ ಕೂತು, ಕೆಳಗಿನ ಗಾಳಿಯನ್ನು ಮುಚ್ಚಿಹಾಕಿ ಕಂಬಳಿಯ ಕೆಲಸ ಮಾಡುತ್ತದೆ. ಒಣ ಊರಿನಲ್ಲಿ ಗಾಳಿಯಾದರೂ ತಣ್ಣಗಾಗುತ್ತದೆ, ತೇವದ ಊರಿನಲ್ಲಿ ಅದೂ ಇಲ್ಲ. ರಾಯಚೂರಿನಂಥ ಕಡೆ 40 ಡಿಗ್ರಿ, ಶೇ 20 ತೇವ ಇದ್ದರೆ ಫಾಗರ್ ಗಾಳಿಯನ್ನು ಹೆಚ್ಚೆಂದರೆ 22–23 ಡಿಗ್ರಿಯವರೆಗೆ ಇಳಿಸಬಹುದು. ಮಂಗಳೂರಿನಂಥ ಕಡೆ 30 ಡಿಗ್ರಿ, ಶೇ 80 ತೇವ ಇದ್ದರೆ 27ಕ್ಕೆ ನಿಲ್ಲುತ್ತದೆ. ಮೂರು ಡಿಗ್ರಿಗೋಸ್ಕರ ಇಡೀ ಕೊಟ್ಟಿಗೆ ಒದ್ದೆ.

ತಾಪ-ತೇವ ಸೂಚ್ಯಂಕ ಹಾಕಿ ನೋಡಿದರೆ ಇನ್ನೂ ಸ್ಪಷ್ಟ. ಸೂತ್ರ: ಡಿಗ್ರಿಯನ್ನು 1.8ರಿಂದ ಗುಣಿಸಿ, ಅದನ್ನು 'ಕ' ಅನ್ನಿ. ಸೂಚ್ಯಂಕ = (ಕ + 32) − (0.55 − 0.0055 × ತೇವ) × (ಕ − 26). ಮೇಲಿನ ರಾಯಚೂರಿಗೆ 83.8 ಬರುತ್ತದೆ, ಮಂಗಳೂರಿಗೆ 82.9. ಥರ್ಮಾಮೀಟರಿನಲ್ಲಿ ಹತ್ತು ಡಿಗ್ರಿ ವ್ಯತ್ಯಾಸ, ದನದ ಮೈಗೆ ಎರಡೂ ಹೆಚ್ಚುಕಡಿಮೆ ಒಂದೇ. ಹೆಚ್ಚು ಹಾಲಿನ ಹಸುವಿಗೆ 68 ದಾಟಿದಾಗಲೇ ತೊಂದರೆ ಶುರು, ಉಳಿದವಕ್ಕೆ 72 ಎಂಬುದು ಹಳೆಯ ಗೆರೆ. ಈ ಸೂಚ್ಯಂಕ ನೆರಳಿನದ್ದು ಎಂಬುದು ನೆನಪಿರಲಿ, ಬಿಸಿಲಿನಲ್ಲಿ ಕಟ್ಟಿದ ಎಮ್ಮೆಗೆ ಅನ್ವಯಿಸುವುದಿಲ್ಲ.

ಸರಿಯಾದ ಕ್ರಮ ಹೀಗೆ. ಫಾಗರ್ ನಳಿಕೆ ಬಿಚ್ಚಿ, ದಪ್ಪ ಹನಿ ಬೀಳುವ ಕಡಿಮೆ ಒತ್ತಡದ ಸ್ಪ್ರಿಂಕ್ಲರ್ ಹಾಕಿ, ಗೋದಲಿಯ ಉದ್ದಕ್ಕೂ, ನೀರು ಬೆನ್ನು-ಭುಜದ ಮೇಲೆ ಬೀಳುವಂತೆ. ಒಂದರಿಂದ ಎರಡು ನಿಮಿಷ ನೀರು, ಆಮೇಲೆ ಹತ್ತು-ಹನ್ನೆರಡು ನಿಮಿಷ ಬರೀ ಫ್ಯಾನ್ ಗಾಳಿ. ಮತ್ತೆ ಅದೇ ಸುತ್ತು. ಒಂದು ಸುತ್ತಿಗೆ ಒಂದು ದನಕ್ಕೆ ಸುಮಾರು ಒಂದು ಲೀಟರ್ ಸಾಕು. ಫ್ಯಾನ್ ನಿಲ್ಲಿಸಬಾರದು, ದನದ ಬೆನ್ನಿನ ಮಟ್ಟದಲ್ಲಿ ಗಾಳಿ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬೀಸಬೇಕು. ಸಾಕಷ್ಟು ನೆನೆದಿದೆಯೇ ಎಂದು ತಿಳಿಯಲು ಭುಜದ ಹತ್ತಿರ ಕೂದಲು ಬಿಡಿಸಿ ಬೆರಳಿಟ್ಟು ನೋಡಿ. ಬುಡದಲ್ಲಿ ಚರ್ಮ ಒದ್ದೆಯಾಗಿರಬೇಕು. ನೀರು ಪಕ್ಕೆಯಿಂದ ಇಳಿದು ಕೆಚ್ಚಲಿಗೆ ಹರಿಯಲು ಶುರುವಾಯಿತೋ, ಅದು ಜಾಸ್ತಿಯಾಯಿತು ಎಂದು ಅರ್ಥ. ಕೆಚ್ಚಲ ಮೇಲಿಂದ ಮೊಲೆತೊಟ್ಟಿಗೆ ಇಳಿಯುವ ಕೊಳೆನೀರು ಕೆಚ್ಚಲುಬಾವಿಗೆ ಕೊಡುವ ಕರೆಯೋಲೆ.

ಶುರು ಮಾಡುವುದು ಯಾವಾಗ? ಪಕ್ಕೆಯ ಏರಿಳಿತವನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. 60 ದಾಟಿದರೆ ನೀರು ಬಿಡಿ. 80 ದಾಟಿ ಬಾಯಿ ತೆರೆದು ನಾಲಗೆ ಚಾಚಿದ್ದರೆ ಆಗಲೇ ತಡವಾಗಿದೆ. ಗುದದಲ್ಲಿ ತಾಪ 39.4 ಡಿಗ್ರಿ ಮೀರಿದರೆ ಶಾಖದ ಒತ್ತಡ, 41 ಮುಟ್ಟಿದರೆ ತುರ್ತು. ಆಗ ಇಡೀ ಮೈಗೆ ನೀರು, ಜೋರು ಗಾಳಿ, ಪಶುವೈದ್ಯರಿಗೆ ಫೋನು. ಏದುಸಿರು ಬಿಡುವ ದನಕ್ಕೆ ಗೊಟ್ಟದಲ್ಲಿ ನೀರನ್ನೋ ಮಜ್ಜಿಗೆಯನ್ನೋ ಹುಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಬಿಸಿಲಿನಿಂದ ಬದುಕಿದ್ದು ನ್ಯುಮೋನಿಯಾದಿಂದ ಹೋಗುತ್ತದೆ.

ಸಂಜೆ ಐದಕ್ಕೆ ಬಿಸಿಲು ಇಳಿಯಿತೆಂದು ಎಲ್ಲ ಆಫ್ ಮಾಡುವುದು ಸಾಮಾನ್ಯ ತಪ್ಪು. ಹಗಲೆಲ್ಲ ಕೂಡಿಟ್ಟ ಶಾಖ ಮೈಯಲ್ಲಿರುತ್ತದೆ, ಶೀಟಿನ ಮಾಡೂ ಇನ್ನೂ ಬಿಸಿ. ರಾತ್ರಿ ಒಂಬತ್ತರವರೆಗಾದರೂ ನಡೆಸಿ.

ಬೆವರಿನಲ್ಲಿ ಏನು ಹೋಗುತ್ತದೆ ಎನ್ನುವುದರಲ್ಲೂ ದನ ನಮ್ಮ ಹಾಗಲ್ಲ. ಮನುಷ್ಯರ ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ. ದನದ ಬೆವರಿನಲ್ಲಿ ಪೊಟ್ಯಾಷಿಯಂ ಪಾಲು ದೊಡ್ಡದು. ಬೇಸಿಗೆಯಲ್ಲಿ ಹಾಲಿನ ಹಸುವಿನ ಆಹಾರದ ಒಣತೂಕದಲ್ಲಿ ಪೊಟ್ಯಾಷಿಯಂ ಶೇ 1.5 ಇರಲಿ. ಕಾಕಂಬಿಯಲ್ಲಿ ಅದು ಚೆನ್ನಾಗಿದೆ. ಅಡುಗೆ ಉಪ್ಪು ದಿನಕ್ಕೆ 30–50 ಗ್ರಾಂ. ಜೊಲ್ಲು ಸುರಿಯುವ ಹಸುವಿಗೆ ಅಡುಗೆ ಸೋಡಾ 100–150 ಗ್ರಾಂ, ಎರಡು ಹೊತ್ತಿಗೆ ಹಂಚಿ, ಹಿಂಡಿ-ಬೂಸಾದಲ್ಲಿ ಬೆರೆಸಿ. ಜೊಲ್ಲಿನ ಜೊತೆ ಹೊಟ್ಟೆಯ ಹುಳಿ ತಡೆಯುವ ಬೈಕಾರ್ಬನೇಟ್ ನೆಲಕ್ಕೆ ಬೀಳುತ್ತದೆ. ಬೇಸಿಗೆಯಲ್ಲಿ ಹಾಲಿನ ಫ್ಯಾಟ್ ಇಳಿಯುವುದಕ್ಕೆ ಇದೂ ಒಂದು ಕಾರಣ, ಡೇರಿಯ ಮೆಷಿನ್ ಮೇಲೆ ಅನುಮಾನ ಪಡುವ ಮೊದಲು ಗೋದಲಿಯ ಕೆಳಗಿನ ನೆಲ ನೋಡಿ.

---

ಬದುವಿನಹುಲ್ಲು:

ತುಂಬಾ ಉಪಯೋಗವಾಯಿತು. ಎರಡು ಉಪಪ್ರಶ್ನೆ. ಒಂದು, ಎಮ್ಮೆಯ ಮೂತಿಯ ಮೇಲೆ ಸದಾ ಹನಿ ಇರುತ್ತದಲ್ಲ, ಅದು ಬೆವರೇ? ಇನ್ನೊಂದು, ಯಾವ ದನ ಎಷ್ಟು ಬೆವರುತ್ತದೆ ಎಂದು ಮನೆಯಲ್ಲೇ ಪರೀಕ್ಷಿಸಬಹುದೇ? ಮನುಷ್ಯರಿಗೆ ಅಯೋಡಿನ್ ಹಚ್ಚಿ ನೋಡುತ್ತಾರೆ ಎಂದು ಓದಿದ ನೆನಪು.

---

ಚರ್ಮದಚೂರು:

ಮೂತಿಯದು ಬೇರೆ ಗ್ರಂಥಿ. ಅಲ್ಲಿ ಕೂದಲಿಲ್ಲ, ಹಾಗಾಗಿ ಕೂದಲ ಸಂಸಾರವೂ ಇಲ್ಲ. ಚರ್ಮದ ಕೆಳಗೆ ಗೊಂಚಲು ಗೊಂಚಲಾಗಿ ಕೂತ ಮೂತಿಗ್ರಂಥಿಗಳು ತಮ್ಮದೇ ನಾಳದಿಂದ ನೇರ ಹೊರಕ್ಕೆ ತಿಳಿನೀರು ಬಿಡುತ್ತವೆ. ಒಣ ಬಟ್ಟೆಯಿಂದ ಮೂತಿ ಒರೆಸಿ ಹತ್ತಿರದಿಂದ ನೋಡಿ. ಗೀರುಗಳ ನಡುವಿನ ಉಬ್ಬುಗಳ ಮೇಲೆ ಸೂಜಿಮೊನೆಯಷ್ಟು ಹನಿಗಳು ಒಂದೊಂದಾಗಿ ಮೂಡಿ, ದಪ್ಪವಾಗಿ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಜ್ವರ ಬಂದಾಗ ಈ ಒಸರು ನಿಲ್ಲುತ್ತದೆ, ಮೂತಿ ಒಣಗುತ್ತದೆ. ಹಳಬರು ಮೂತಿ ಮುಟ್ಟಿ ಕಾಯಿಲೆ ಹೇಳುತ್ತಿದ್ದುದು ಇದರ ಮೇಲೆಯೇ. ಆದರೆ ಅದು ಜ್ವರ ಇದೆಯೇನೋ ಎಂಬ ಸುಳಿವು ಮಾತ್ರ, ಥರ್ಮಾಮೀಟರಿನ ಬದಲಿ ಅಲ್ಲ.

ಅಯೋಡಿನ್ ಪರೀಕ್ಷೆ ನಿಮ್ಮ ಅಂಗೈ ಮೇಲೆ ಚೆನ್ನಾಗಿ ನಡೆಯುತ್ತದೆ. ಟಿಂಕ್ಚರ್ ಅಯೋಡಿನ್ ತೆಳುವಾಗಿ ಹಚ್ಚಿ, ಪೂರ್ತಿ ಒಣಗಿಸಿ, ಮೇಲೆ ಜೋಳದ ಪಿಷ್ಟದ ಪುಡಿ ಉದುರಿಸಿ. ಬೆವರು ಹೊರಟ ಪ್ರತಿಯೊಂದು ರಂಧ್ರದಲ್ಲೂ ಕಡುನೀಲಿ ಚುಕ್ಕಿ. ಎಮ್ಮೆಯ ಮೇಲೆ ಮಾಡಿದರೆ ಕಪ್ಪಿನ ಮೇಲೆ ಕಪ್ಪು ಹುಡುಕುತ್ತಾ ಕೂರಬೇಕಾಗುತ್ತದೆ.

ದನಕ್ಕೆ ಬಳಸುವುದು ಕೋಬಾಲ್ಟ್ ಕ್ಲೋರೈಡ್ ಕಾಗದ. ಒಣಗಿದಾಗ ನೀಲಿ, ತೇವ ತಗುಲಿದರೆ ಗುಲಾಬಿ. ಭುಜದ ಹಿಂದೆ ಅಂಗೈ ಅಗಲ ಕೂದಲು ಬೋಳಿಸಿ, ಒರೆಸಿ, ಒಂದು ಗಂಟೆ ನೆರಳಿನಲ್ಲಿ ಬಿಡಿ. ಕಾಗದದ ಸಣ್ಣ ಬಿಲ್ಲೆಗಳನ್ನು ಕಾವಲಿಯ ಮೇಲೆ ಕಡುನೀಲಿಯಾಗುವವರೆಗೆ ಒಣಗಿಸಿ, ಪಾರದರ್ಶಕ ಟೇಪಿನಿಂದ ಮೂರು ಬಿಲ್ಲೆ ಅಂಟಿಸಿ, ಪೂರ್ತಿ ಗುಲಾಬಿಯಾಗಲು ಎಷ್ಟು ಸೆಕೆಂಡ್ ಬೇಕಾಯಿತು ಬರೆದುಕೊಳ್ಳಿ. ಬೇಗ ಬಣ್ಣ ಬದಲಾದರೆ ಹೆಚ್ಚು ಬೆವರು. ತಪ್ಪುವುದು ಎರಡು ಕಡೆ. ಬಿಲ್ಲೆಗಳು ಅಂಟಿಸುವ ಮೊದಲೇ ಗಾಳಿಯ ತೇವ ಕುಡಿದಿರುತ್ತವೆ, ಅಥವಾ ಸ್ಪ್ರಿಂಕ್ಲರ್ ನೀರು ಇನ್ನೂ ಚರ್ಮದಲ್ಲಿರುತ್ತದೆ. ಕೋಬಾಲ್ಟ್ ಲವಣ ವಿಷ. ಕೈಗವಸು ಬೇಕು, ಬಿಲ್ಲೆಯನ್ನು ದನ ನೆಕ್ಕಬಾರದು, ಬಳಸಿದ ಕಾವಲಿ ಮತ್ತೆ ಅಡುಗೆಮನೆಗೆ ಹೋಗಬಾರದು.

---

ಗೊರಸುಗರಿ:

ವಿಕಾಸದ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ನಾನು ಹಿಡಿಯುತ್ತೇನೆ.

ಕಪ್ಪೆಯ ಚರ್ಮದಿಂದ ಶುರು ಮಾಡಿದರೆ ಸುಲಭ. ಅದರಲ್ಲಿ ಎರಡು ಬಗೆಯ ಗ್ರಂಥಿ. ಒಂದು ಲೋಳೆ ಬಿಟ್ಟು ಚರ್ಮ ಒದ್ದೆಯಿಡುತ್ತದೆ, ಚರ್ಮದಲ್ಲೇ ಉಸಿರಾಡುವ ಪ್ರಾಣಿಗೆ ಅದು ಬೇಕೇ ಬೇಕು. ಇನ್ನೊಂದು ವಿಷ ಬಿಡುತ್ತದೆ. ನೆಲಗಪ್ಪೆಯ ಕಣ್ಣಿನ ಹಿಂದಿನ ಉಬ್ಬು ಈ ಎರಡನೆಯದರ ಗುಡ್ಡೆ. ಪೂರ್ತಿ ನೆಲದ ಮೇಲೆ ಬದುಕಲು ಹೊರಟ ಪ್ರಾಣಿಗಳಲ್ಲಿ ಎರಡು ದಾರಿ ಒಡೆದವು. ಹಲ್ಲಿ, ಹಾವು, ಹಕ್ಕಿಗಳ ಕಡೆಯವರು ಒಣ ಹುರುಪೆಯ ಚರ್ಮಕ್ಕೆ ಹೋಗಿ ಗ್ರಂಥಿಗಳನ್ನು ಬಹುತೇಕ ಬಿಟ್ಟುಕೊಟ್ಟರು. ಉಳಿದದ್ದು ಅಲ್ಲೊಂದು ಇಲ್ಲೊಂದು: ಗಂಡು ಹಲ್ಲಿಗಳ ಪೈಕಿ ಹಲವಕ್ಕೆ ತೊಡೆಯ ಒಳಬದಿಯ ರಂಧ್ರಸಾಲು, ಹೆಚ್ಚಿನ ಹಕ್ಕಿಗಳಿಗೆ ಬಾಲದ ಬುಡದ ಎಣ್ಣೆಗ್ರಂಥಿ. ಚಂದ್ರಮುಕುಟ ಹಕ್ಕಿ ಮರಿ ಮಾಡುವಾಗ ಗೂಡು ನಾರುವುದು ಆ ಎಣ್ಣೆಗ್ರಂಥಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ.

ಸ್ತನಿಗಳ ಪೂರ್ವಜರು ಇನ್ನೊಂದು ದಾರಿ ಹಿಡಿದರು. 30 ಕೋಟಿ ವರ್ಷಗಳಿಗೂ ಹಿಂದೆ ಆ ಕವಲು ಬೇರೆಯಾಯಿತು, ಗ್ರಂಥಿ ತುಂಬಿದ ಚರ್ಮವನ್ನು ಅದು ಬಿಡಲಿಲ್ಲ. ಮುಂದೆ ಕೂದಲು ಬಂದಾಗ ಗ್ರಂಥಿ ಅದರ ಬುಡಕ್ಕೆ ಅಂಟಿಕೊಂಡಿತು. ಮೇಲೆ ಹೇಳಿದ ಸಂಸಾರ ಅದೇ. ಆ ಸಂಸಾರದಿಂದಲೇ ಒಡೆದು ಬಂದ ದೊಡ್ಡ ಮನೆ ಕೆಚ್ಚಲು. ಹೌದು, ಹಾಲಿನ ಗ್ರಂಥಿ ಚರ್ಮದ ಗ್ರಂಥಿಯೇ. 2002ರಲ್ಲಿ ಜೀವವಿಜ್ಞಾನಿ ಓಲಾವ್ ಓಫ್ಟೆಡಾಲ್ ಮುಂದಿಟ್ಟ ವಾದದ ಪ್ರಕಾರ, ತೆಳುಚಿಪ್ಪಿನ ಮೊಟ್ಟೆ ಒಣಗದಂತೆ ಮೈಯಿಂದ ತೇವ ಕೊಡುತ್ತಿದ್ದ ಗ್ರಂಥಿಗಳೇ ಕ್ರಮೇಣ ಮರಿಗೆ ಉಣಿಸುವ ಗ್ರಂಥಿಗಳಾದವು. ಆಸ್ಟ್ರೇಲಿಯದ ಪ್ಲಾಟಿಪಸ್ ಇವತ್ತಿಗೂ ಮೊಟ್ಟೆ ಇಡುತ್ತದೆ, ಅದಕ್ಕೆ ಮೊಲೆತೊಟ್ಟಿಲ್ಲ, ಹೊಟ್ಟೆಯ ಚರ್ಮದಲ್ಲಿ ಕೂದಲ ಬುಡದ ಪಕ್ಕದಿಂದಲೇ ಹಾಲು ಒಸರುತ್ತದೆ. ರಾಸಾಯನಿಕದಲ್ಲೂ ಸಾಕ್ಷಿ ಇದೆ. ಹಾಲಿನ ಸಕ್ಕರೆ ತಯಾರಿಸಲು ಬೇಕಾದ ಆಲ್ಫಾ-ಲ್ಯಾಕ್ಟಾಲ್ಬುಮಿನ್ ಎಂಬ ಪ್ರೋಟೀನು ಹುಟ್ಟಿದ್ದು ಲೈಸೋಜೈಮ್‌ನಿಂದ, ಕಣ್ಣೀರಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಅದೇ ಲೈಸೋಜೈಮ್. ಮೊಟ್ಟೆಗೆ ಸೋಂಕು ತಗುಲದಂತೆ ಸವರುತ್ತಿದ್ದದ್ದು ಊಟವಾಯಿತು.

ಮನುಷ್ಯರಲ್ಲಿ ಆದ ಬದಲಾವಣೆ ಬೇರೆ. ನಾಯಿ, ಬೆಕ್ಕುಗಳಲ್ಲಿ ಕೂದಲಿಗೆ ಸಂಬಂಧವಿಲ್ಲದ ಬೆವರು ಗ್ರಂಥಿ ಇರುವುದು ಪಾದದ ಮೆತ್ತೆಯಲ್ಲಿ ಮಾತ್ರ, ಹಿಡಿತಕ್ಕಾಗಿ. ವಾನರರಲ್ಲಿ ಅದು ಮೈಮೇಲೂ ಹರಡಿತು. ನಮ್ಮಲ್ಲಿ ಅದರ ಒತ್ತು ಚಿಂಪಾಂಜಿಯ ಸುಮಾರು ಹತ್ತರಷ್ಟಾಯಿತು. ಎನ್‌ಗ್ರೇಲ್ಡ್-1 ಎಂಬ ಜೀನನ್ನು ಚರ್ಮದಲ್ಲಿ ಚುರುಕುಗೊಳಿಸುವ ಡಿಎನ್‌ಎ ತುಣುಕಿನಲ್ಲಿ ಮನುಷ್ಯರಿಗಷ್ಟೇ ಇರುವ ಬದಲಾವಣೆಗಳನ್ನು 2021ರಲ್ಲಿ ತೋರಿಸಿದ್ದಾರೆ. ಕೂದಲೂ ಗ್ರಂಥಿಯೂ ನಂಟು ಕಡಿದುಕೊಂಡದ್ದರಿಂದಲೇ ನಾವು ಬೋಳಾಗಿಯೂ ಧಾರಾಳವಾಗಿ ಬೆವರಬಲ್ಲೆವು. ಎಮ್ಮೆ ಬೋಳಾದಾಗ ಬೆವರನ್ನೂ ಕಳೆದುಕೊಂಡಿತು. ಜೌಗು, ಹೊಳೆಬಯಲುಗಳ ಪ್ರಾಣಿಗೆ ಅದರಿಂದ ನಷ್ಟವಾಗಲಿಲ್ಲ. ನಷ್ಟ ಆದದ್ದು ನಾವು ಅದನ್ನು ತಂದು ಸಿಮೆಂಟ್ ಶೀಟಿನ ಕೆಳಗೆ ಕಟ್ಟಿದಾಗ.

ಕೂದಲು, ಹಲ್ಲು, ಬೆವರು ಗ್ರಂಥಿ ಮೂರೂ ಭ್ರೂಣದ ಹೊರಚರ್ಮದ ಮೊಗ್ಗಿನಿಂದ ಹುಟ್ಟುತ್ತವೆ. ಇಡಿಎ ಜೀನು ಕೆಟ್ಟರೆ ಮೂರೂ ಒಟ್ಟಿಗೆ ಕೆಡುತ್ತವೆ. ಸಿಂಧ್‌ನ ಒಂದು ಕುಟುಂಬದಲ್ಲಿ ನಾಲ್ಕು ತಲೆಮಾರಿನ ಹತ್ತು ಗಂಡಸರಿಗೆ ಹಲ್ಲು, ಕೂದಲು ತೀರ ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ವಿಪರೀತ ಸಂಕಟ ಎಂದು ಡಾರ್ವಿನ್ 1875ರಲ್ಲೇ ಬರೆದಿದ್ದ. ಹೋಲ್‌ಸ್ಟೀನ್ ದನಗಳಲ್ಲೂ ಇದೇ ಜೀನಿನ ದೋಷದಿಂದ ಕೂದಲಿಲ್ಲದ, ಹಲ್ಲು ಕಡಿಮೆ ಇರುವ ಗಂಡು ಕರು ಹುಟ್ಟಿದ್ದು ದಾಖಲಾಗಿದೆ.

---

ಸೂಜಿಮೊನೆ:

@ಗೊರಸುಗರಿ ಒಳ್ಳೆಯ ಬರಹ, ಆದರೆ ಒಂದು ಎಚ್ಚರಿಕೆ. ಕಪ್ಪೆಯ ಲೋಳೆಗ್ರಂಥಿಯೇ ಬೆವರು ಗ್ರಂಥಿಯಾಯಿತು ಎಂದು ಯಾರಾದರೂ ಓದಿಕೊಳ್ಳಬಹುದು. ಕಪ್ಪೆ ನಮ್ಮ ಅಜ್ಜ ಅಲ್ಲ, ದಾಯಾದಿ. ಗ್ರಂಥಿಯಂಥ ಮೆತ್ತನೆಯ ಅಂಗ ಪಳೆಯುಳಿಕೆಯಾಗುವುದು ಅಪರೂಪ, ಹಾಗಾಗಿ ಈ ಕತೆಯ ಬಹುಪಾಲನ್ನು ಬದುಕಿರುವ ಪ್ರಾಣಿಗಳನ್ನು ಹೋಲಿಸಿ ಕಟ್ಟಲಾಗಿದೆ.

ಪಠ್ಯಪುಸ್ತಕದಲ್ಲಿ ಬರುವ 'ಅಪೋಕ್ರೈನ್', 'ಎಕ್ರೈನ್' ಹೆಸರುಗಳ ಬಗ್ಗೆಯೂ ಒಂದು ಮಾತು. 1922ರಲ್ಲಿ ಶೀಫರ್‌ಡೆಕರ್ ಕೊಟ್ಟ ಹೆಸರುಗಳು. ಮೊದಲನೆಯದರಲ್ಲಿ ಜೀವಕೋಶದ ತುದಿಯೇ ಚಿವುಟಿ ಬೀಳುತ್ತದೆ ಎಂಬ ನಂಬಿಕೆ ಆ ಹೆಸರಿನಲ್ಲಿದೆ. ದನದ ಬೆವರಿನ ಬಹುಪಾಲು ಹಾಗೆ ಬರುವುದಿಲ್ಲ. ಕೂದಲ ಜೊತೆಗಿನ ಗ್ರಂಥಿ, ಕೂದಲಿಲ್ಲದ ಗ್ರಂಥಿ ಎಂದು ವಿಂಗಡಿಸಿದರೆ ಗೊಂದಲವೇ ಇಲ್ಲ. ನಿಜವಾಗಿ ತುದಿ ಚಿವುಟುವುದನ್ನು ನೋಡಬೇಕಾದರೆ ಕೆಚ್ಚಲಿಗೆ ಬನ್ನಿ. ಹಾಲಿನ ಕೊಬ್ಬಿನ ಹನಿ ಜೀವಕೋಶದಿಂದ ಹೊರಬರುವಾಗ ಅದರ ಪೊರೆಯನ್ನೇ ಹೊದ್ದುಕೊಂಡು ಬರುತ್ತದೆ. ಕೆನೆ ಕಡೆದು ಬೆಣ್ಣೆ ತೆಗೆಯುವಾಗ ನಾವು ಒಡೆಯುವುದು ಆ ಹೊದಿಕೆಯನ್ನೇ.

---

ಬಿಸಿಲುಗುದುರೆ:

ನಡುವೆ ಎರಡು ಸಾಲು. ನಾಯಿ ನಾಲಗೆಯಿಂದ ಬೆವರುತ್ತದೆ ಎಂಬುದು ತಪ್ಪು, ನಾಲಗೆಯಲ್ಲಿ ಬೆವರು ಗ್ರಂಥಿ ಇಲ್ಲ. ಏದುಸಿರಿನಲ್ಲಿ ಆವಿಯಾಗುವ ನೀರು ಜೊಲ್ಲಿನದ್ದು, ಜೊತೆಗೆ ಮೂಗಿನೊಳಗಿನ ಪಕ್ಕದ ಗ್ರಂಥಿಗಳದ್ದು. ಗಾಳಿ ಮೂಗಿನಿಂದ ಒಳಹೋಗಿ ಬಾಯಿಂದ ಹೊರಬರುವುದೇ ಅದರ ಗುಟ್ಟು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಆ ದಾರಿಯೇ ಮುದುಡಿರುತ್ತದೆ, ಮಧ್ಯಾಹ್ನ ನಡೆಸಬೇಡಿ.

ಬೆವರುವ ಸ್ಪರ್ಧೆಯಲ್ಲಿ ಗೆಲ್ಲುವುದು ಕುದುರೆ, ಕಷ್ಟದ ಕೆಲಸದಲ್ಲಿ ಗಂಟೆಗೆ 10 ಲೀಟರ್ ದಾಟಬಲ್ಲದು. ಬೆನ್ನಿಗೆ ಬಿಗಿದ ಜೀನಿನ ಕೆಳಗೆ ಏಳುವ ಬಿಳಿ ನೊರೆ ಲ್ಯಾಥರಿನ್ ಎಂಬ ಪ್ರೋಟೀನಿನದ್ದು. ಸಾಬೂನಿನ ಹಾಗೆ ಕೆಲಸ ಮಾಡಿ ಎಣ್ಣೆಗೂದಲ ನಡುವಿನಿಂದ ನೀರನ್ನು ತುದಿಯವರೆಗೆ ಹರಡುತ್ತದೆ. ತೇವದ ಸೆಖೆಯ ಊರುಗಳಲ್ಲಿ ಕೆಲವು ಕುದುರೆಗಳ ಬೆವರು ನಿಂತೇಹೋಗುತ್ತದೆ. ಮೈ ಒಣ, ಉಸಿರು ಜೋರು, ಕೂದಲು ಉದುರಿದ ಮುಖ ಕಂಡರೆ ಕೆಲಸ ನಿಲ್ಲಿಸಿ ವೈದ್ಯರಿಗೆ ತೋರಿಸಿ.

---

ಕಾವಾಡಿಕಟ್ಟೆ:

ಚರ್ಮದ ಗ್ರಂಥಿ ಅಂದಮೇಲೆ ಆನೆ ಬಿಟ್ಟರೆ ಹೇಗೆ? ಆನೆಗೆ ಮೈಮೇಲೆ ಬೆವರು ಗ್ರಂಥಿ ಇಲ್ಲ, ಇರುವುದು ಉಗುರುಗಳ ಬಳಿ. ಕಣ್ಣು-ಕಿವಿಯ ನಡುವೆ ಕಪೋಲದಲ್ಲಿರುವ ಮದಗ್ರಂಥಿಯೂ ಬೆವರು ಗ್ರಂಥಿಯ ರೂಪಾಂತರವೇ. ಮದಜಲಕ್ಕೆ ದುಂಬಿ ಮುತ್ತುವ ಚಿತ್ರ ನಮ್ಮ ಹಳಗನ್ನಡ ಕಾವ್ಯದಲ್ಲೂ ಸಂಸ್ಕೃತದಲ್ಲೂ ಎಷ್ಟೊಂದು ಸಲ ಬರುತ್ತದೆ. ಬರೀ ಅಲಂಕಾರ ಎಂದುಕೊಂಡವರಿಗೆ 2002ರಲ್ಲಿ ರಾಸ್ಮುಸ್ಸೆನ್, ರಿಡ್ಲ್, ಕೃಷ್ಣಮೂರ್ತಿ ಉತ್ತರ ಕೊಟ್ಟರು. ಏಷ್ಯಾ ಆನೆಯಲ್ಲಿ ಹದಿಹರೆಯದ ಸಲಗದ ಮದ ಜೇನಿನಂತೆ ಸಿಹಿವಾಸನೆಯದ್ದು. ಬಲಿತ ಸಲಗದ ಮದ ಕಟುವಾಸನೆಯದ್ದು, ಅದರಲ್ಲಿ ಫ್ರಂಟಾಲಿನ್ ಎಂಬ ವಸ್ತು ಇರುತ್ತದೆ. ತೊಗಟೆ ಕೊರೆಯುವ ಕೆಲವು ಜೀರುಂಡೆಗಳೂ ತಮ್ಮವರನ್ನು ಕರೆಯಲು ಬಳಸುವುದು ಅದನ್ನೇ. ಮರಿಸಲಗ 'ನಾನಿನ್ನೂ ಚಿಕ್ಕವನು, ಹೊಡೀಬೇಡಿ' ಎಂದು ವಾಸನೆಯಲ್ಲೇ ಹೇಳಿದ ಹಾಗೆ.

---

ಬದುವಿನಹುಲ್ಲು:

ಎಲ್ಲರಿಗೂ ಧನ್ಯವಾದ. ಕಡೆಯದಾಗಿ: ಎಮ್ಮೆಗೆ ಹೊಂಡ ತೋಡಿಸುವುದೋ, ಸ್ಪ್ರಿಂಕ್ಲರ್ ಸಾಕೋ?

---

ಹೈನುಲೆಕ್ಕ:

ಜಾಗ ಮತ್ತು ಶುದ್ಧ ನೀರು ಇದ್ದರೆ ಹೊಂಡ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗದಲ್ಲಿ ಶಾಖ ಎಳೆಯುತ್ತದೆ. ತೇವದ ಊರಿನಲ್ಲೂ ಇದು ಕೆಲಸ ಮಾಡುತ್ತದೆ, ಆವಿಯಾಗುವ ಗೊಡವೆಯೇ ಇಲ್ಲ. ಮೈಗೆ ಹತ್ತಿದ ಕೆಸರು ಹೊರಬಂದ ಮೇಲೂ ಬಹಳ ಹೊತ್ತು ತೇವ ಬಿಡುತ್ತಿರುತ್ತದೆ, ನೊಣ-ಉಣ್ಣೆಗೂ ತಡೆ.

ಆದರೆ ನಿಂತ ನೀರು ಬೇಡ. ಬಸವನಹುಳು ಸೇರಿದರೆ ಯಕೃತ್ತಿನ ಚಪ್ಪಟೆಹುಳು ಬರುತ್ತದೆ, ಇಲಿ ಮೂತ್ರ ಸೇರಿದರೆ ಇಲಿಜ್ವರ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವಂತೆ ಮಾಡಿ, ಇಳಿಯುವ ದಾರಿ ಜಾರದಂತೆ ಒರಟು ಕಲ್ಲಿನದಿರಲಿ. ಹಾಲು ಕರೆದ ತಕ್ಷಣ ಬಿಡಬೇಡಿ. ಮೊಲೆತೊಟ್ಟಿನ ತೂತು ಬಿಗಿಯಾಗಿ ಮುಚ್ಚಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಮುಂದೆ ಹಸಿಹುಲ್ಲು ಹಾಕಿ ನಿಲ್ಲಿಸಿ. ಬಿಡುವ ಸಮಯ 11ರಿಂದ 3. ಹೊಂಡದ ಮೇಲೆ ನೆರಳಿರಬೇಕು, ಇಲ್ಲದಿದ್ದರೆ ಆಳ ಕಡಿಮೆ ಇರುವ ನೀರು ಎರಡು ಗಂಟೆಗೇ ಬಿಸಿಯಾಗಿ, ಎಮ್ಮೆ ಹೊಂಡದಲ್ಲಿದ್ದೂ ಏದುಸಿರು ಬಿಡುತ್ತದೆ.

ಹೊಂಡ ಆಗದಿದ್ದರೆ ಹಸುವಿಗೆ ಹೇಳಿದ ಸ್ಪ್ರಿಂಕ್ಲರ್-ಫ್ಯಾನ್ ಸುತ್ತೇ ಸಾಕು. ಎಮ್ಮೆಗೆ ಕೂದಲು ಕಡಿಮೆ, ನೀರು ಒಂದೇ ನಿಮಿಷದಲ್ಲಿ ಚರ್ಮ ಮುಟ್ಟುತ್ತದೆ. ಬೇಸಿಗೆಯಲ್ಲಿ ಎಮ್ಮೆಯ ಬೆದೆ ಮೂಕವಾಗುತ್ತದೆ, ಕೂಗುವುದಿಲ್ಲ, ಲಕ್ಷಣ ಕಾಣುವುದಿಲ್ಲ. ಸುತ್ತು ಶುರು ಮಾಡಿದ ಮೇಲೆ ಬೆಳಗಿನ ಜಾವ ಮತ್ತು ರಾತ್ರಿ ಒಮ್ಮೆ ಹೋಗಿ ಲೋಳೆ ಕಟ್ಟಿದೆಯೇ ನೋಡಿ, ಹಗಲಿನಲ್ಲಿ ನೋಡಿದರೆ ಸಿಗುವುದಿಲ್ಲ.